ಹೂಡುವ ಹಣ, ಹೂಡುವ ವರ್ಷಗಳು: ಸ್ಟಾರ್ಟಪ್ ಬಗ್ಗೆ ಓದುಗರ ಪ್ರಶ್ನೆಗಳು

ಸ್ಟಾರ್ಟಪ್‌ಗೆ ಹಣ ಹಾಕಲು ಹೊರಟವರು, ಸ್ಟಾರ್ಟಪ್‌ನಲ್ಲಿ ಕೆಲಸಕ್ಕೆ ಸೇರಲು ಹೊರಟವರು: ಈ ಸಲ ಬಂದ ಪತ್ರಗಳು ಹೆಚ್ಚುಕಡಿಮೆ ಈ ಎರಡು ಬಗೆಯವರದ್ದೇ. ಇಬ್ಬರ ಪ್ರಶ್ನೆಗಳನ್ನೂ ಒಟ್ಟಿಗೇ ಕೊಟ್ಟಿದ್ದೇವೆ. ಹಣ ಹಾಕುವವರು ಒಂದು ಮುಳುಗಿದರೂ ಇನ್ನೊಂದು ಉಳಿಯಲಿ ಎಂದು ಇಪ್ಪತ್ತು ಕಡೆ ಹಂಚಬಹುದು. ಕೆಲಸಕ್ಕೆ ಸೇರುವವರು ತಮ್ಮ ಎರಡು ಮೂರು ವರ್ಷಗಳನ್ನು ಇಡಿಯಾಗಿ ಒಂದೇ ಕಡೆ ಇಡುತ್ತಾರೆ. ಆದ್ದರಿಂದ ಹೂಡಿಕೆದಾರರು ಕೇಳುವ ಪ್ರಶ್ನೆಗಳನ್ನು ಉದ್ಯೋಗಿಯೂ ಕೇಳಬೇಕು, ಇನ್ನೂ ಗಟ್ಟಿಯಾಗಿ ಕೇಳಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ. ಉದಾಹರಣೆಗಳಲ್ಲಿ ಬರುವ ಲಕ್ಷ, ಕೋಟಿಗಳನ್ನು ಯಾವ ಕರೆನ್ಸಿಯಲ್ಲಿ ಬೇಕಾದರೂ ಓದಿಕೊಳ್ಳಿ.

ಪ್ರಶ್ನೆ: ಆರು ವರ್ಷದಿಂದ ದುಡಿಯುತ್ತಿದ್ದೇನೆ. ಉಳಿತಾಯದ ಒಂದು ಭಾಗವನ್ನು ಸ್ಟಾರ್ಟಪ್‌ನಲ್ಲಿ ಹಾಕುವ ಆಸೆ. ಪರಿಚಯದವರ ಕಂಪನಿಯೊಂದು ತುಂಬ ಚೆನ್ನಾಗಿ ಕಾಣುತ್ತಿದೆ. ಎಲ್ಲವನ್ನೂ ಅದಕ್ಕೇ ಹಾಕಲೇ, ಹಂಚಲೇ?

ಹಂಚಿ. ಹಂಚುವಷ್ಟು ಹಣ ಇಲ್ಲವಾದರೆ ಇನ್ನೂ ಇಳಿಯಬೇಡಿ.

ಅಮೆರಿಕದ ಏಂಜೆಲ್ ಹೂಡಿಕೆದಾರರ (ಸ್ವಂತ ಹಣವನ್ನು ಆರಂಭದ ಹಂತದ ಕಂಪನಿಗಳಲ್ಲಿ ಹಾಕುವವರ) ಗುಂಪುಗಳ ಬಗ್ಗೆ ರಾಬರ್ಟ್ ವಿಲ್ಟ್‌ಬ್ಯಾಂಕ್ ಮತ್ತು ವಾರೆನ್ ಬೋಕರ್ 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮುಗಿದುಹೋದ 1,137 ಹೂಡಿಕೆಗಳ ಲೆಕ್ಕ ಅದರಲ್ಲಿತ್ತು. 52 ಶೇಕಡಾ ಹೂಡಿಕೆಗಳಲ್ಲಿ ಹಾಕಿದಷ್ಟೂ ವಾಪಸ್ ಬಂದಿರಲಿಲ್ಲ. ಹತ್ತು ಪಟ್ಟಿಗಿಂತ ಹೆಚ್ಚು ತಂದುಕೊಟ್ಟವು 7 ಶೇಕಡಾ ಮಾತ್ರ. ಒಟ್ಟು ಬಂದ ಹಣದ ಮುಕ್ಕಾಲು ಪಾಲು ಆ 7 ಶೇಕಡಾದಿಂದಲೇ ಬಂದಿತ್ತು. ಉತ್ತರ ಕೊಟ್ಟವರು ಸಂಘಟಿತ ಗುಂಪುಗಳವರು, ತಾವಾಗಿ ಲೆಕ್ಕ ತೋರಿಸಿದವರು. ಒಂಟಿಯಾಗಿ ಹೂಡುವವರ ಚಿತ್ರ ಇದಕ್ಕಿಂತ ಮಂಕಾಗಿರುತ್ತದೆ ಎಂದೇ ಎಣಿಸಿಕೊಳ್ಳುವುದು ಕ್ಷೇಮ.

ಆ 7 ಶೇಕಡಾವನ್ನೇ ಹಿಡಿದು ಲೆಕ್ಕ ಹಾಕಿ. ಐದು ಕಂಪನಿಗಳಲ್ಲಿ ಹೂಡಿದರೆ ಅಂಥದ್ದು ಒಂದೂ ಸಿಗದಿರುವ ಸಾಧ್ಯತೆ ಸುಮಾರು 70 ಶೇಕಡಾ. ಹತ್ತಾದರೆ 48, ಇಪ್ಪತ್ತಾದರೆ 23, ಮೂವತ್ತಾದರೆ 11. ಇದರಲ್ಲಿ ನಿಮ್ಮ ಆಯ್ಕೆಯ ಜಾಣತನ ಸೇರಿಲ್ಲ, ನಿಜ. ಆದರೆ ಹೊಸಬರು ತಮ್ಮ ಆಯ್ಕೆ ಸರಾಸರಿಗಿಂತ ಮೇಲು ಎಂದು ನಂಬಲು ಮೊದಲ ವರ್ಷಗಳಲ್ಲಿ ಯಾವ ಆಧಾರವೂ ಇರುವುದಿಲ್ಲ.

ಕೆಲಸಕ್ಕೆ ಬರುವ ಒಂದು ಕ್ರಮ ಹೀಗಿದೆ. ಪೂರ್ತಿ ಹೋದರೂ ಮನೆಯ ಖರ್ಚು, ತುರ್ತುನಿಧಿ, ಸಾಲದ ಕಂತು ಯಾವುದೂ ಅಲುಗದಂಥ ಮೊತ್ತವನ್ನು ಮೊದಲು ನಿಗದಿ ಮಾಡಿ. ಅದು 100 ಎಂದುಕೊಳ್ಳಿ. 50ನ್ನು 20 ಮೊದಲ ಹೂಡಿಕೆಗಳಿಗೆ ತಲಾ ಎರಡೂವರೆಯಂತೆ ಇಡಿ. ಉಳಿದ 50ನ್ನು ಗೆದ್ದು ಬರುತ್ತಿರುವ ಕಂಪನಿಗಳ ಮುಂದಿನ ಸುತ್ತಿಗೆ, ಅಂದರೆ ಅವು ಮತ್ತೆ ಹಣ ಎತ್ತುವ ಹೊತ್ತಿಗೆ, ಕಾಯ್ದಿರಿಸಿ. ಮೊದಲ 50ನ್ನು ಮೂರು ನಾಲ್ಕು ವರ್ಷಗಳಿಗೆ ಹರಡಿ. ಒಂದೇ ವರ್ಷದಲ್ಲಿ ಎಲ್ಲ ಹಾಕಿದರೆ ಆ ವರ್ಷದ ಉಬ್ಬಿದ ಬೆಲೆಗಳೇ ನಿಮ್ಮ ಪಾಲಾಗಬಹುದು.

ಇಲ್ಲಿ ಹೆಚ್ಚಿನವರು ಎಡವುವುದು ಕಾಯ್ದಿರಿಸಿದ ಹಣದಲ್ಲಿ. ಸೋಲುವ ಕಂಪನಿಗಳು ಬೇಗ ಸೋಲುತ್ತವೆ, ಗೆಲ್ಲುವವು ನಿಧಾನವಾಗಿ ಗೆಲ್ಲುತ್ತವೆ. ಎರಡನೇ ವರ್ಷದಲ್ಲಿ ನಿಮಗೆ ಬರುವ ಫೋನ್‌ಗಳೆಲ್ಲ ಮುಳುಗುತ್ತಿರುವವರದ್ದೇ ಆಗಿರುತ್ತವೆ. ಪರಿಚಯದ ದಾಕ್ಷಿಣ್ಯಕ್ಕೆ ಬಿದ್ದು ಕಾಯ್ದಿರಿಸಿದ್ದೆಲ್ಲ ಅಲ್ಲಿ ಸುರಿದರೆ ಚೆನ್ನಾಗಿ ಬೆಳೆದ ಕಂಪನಿ ಕರೆದಾಗ ಕೈ ಖಾಲಿ. ಎರಡನೇ ಸಲ ಹಾಕುವ ಮುನ್ನ ಒಂದು ಷರತ್ತು ಇಟ್ಟುಕೊಳ್ಳಿ: ಹೊಸದಾಗಿ ಬಂದ, ಹೊರಗಿನ ಹೂಡಿಕೆದಾರರೊಬ್ಬರು ಬೆಲೆ ನಿಗದಿ ಮಾಡಿರಬೇಕು.

ಪ್ರಶ್ನೆ: ಸಂಸ್ಥಾಪಕರು ತೋರಿಸುವ ಸ್ಲೈಡ್‌ಗಳಲ್ಲಿ ಎಲ್ಲ ಗೆರೆಗಳೂ ಮೇಲಕ್ಕೇ ಏರಿರುತ್ತವೆ. ಹೊಸಬರು ಪರಿಶೀಲಿಸುವುದು ಏನನ್ನು? ಎಷ್ಟು ಹೊತ್ತು?

ಎಷ್ಟು ಹೊತ್ತು ಎಂಬುದಕ್ಕೆ ಮೊದಲು ಉತ್ತರ: 20 ಗಂಟೆಗಿಂತ ಕಡಿಮೆ ಬೇಡ. ಮೇಲೆ ಹೇಳಿದ ಅಧ್ಯಯನದಲ್ಲೇ 20 ಗಂಟೆಗಿಂತ ಹೆಚ್ಚು ಪರಿಶೀಲಿಸಿ ಮಾಡಿದ ಹೂಡಿಕೆಗಳ ಫಲ ಅವಸರದವಕ್ಕಿಂತ ಬಹಳ ಮೇಲಿತ್ತು.

ಆರಂಭ ‘ಆದಾಯ’ ಎಂಬ ಪದದಿಂದಲೇ ಆಗಲಿ. ಮಾರುವವರನ್ನೂ ಕೊಳ್ಳುವವರನ್ನೂ ಕೂಡಿಸುವ ಕಂಪನಿಯ ಮೂಲಕ ತಿಂಗಳಿಗೆ 1 ಕೋಟಿಯ ಸರಕು ಹರಿದು, ಕಮಿಷನ್ 8 ಶೇಕಡಾ ಇದ್ದರೆ ಆದಾಯ 8 ಲಕ್ಷ, 1 ಕೋಟಿ ಅಲ್ಲ. ಗ್ರಾಹಕರೊಬ್ಬರು ವರ್ಷದ ಚಂದಾ 12 ಲಕ್ಷವನ್ನು ಮುಂಗಡ ಕಟ್ಟಿದರೆ ಆ ತಿಂಗಳ ಆದಾಯ 1 ಲಕ್ಷ. ಪುಕ್ಕಟೆ ಪ್ರಯೋಗಕ್ಕೆ ಒಪ್ಪಿದ ದೊಡ್ಡ ಕಂಪನಿಯ ಲೋಗೊ ಆದಾಯವೇ ಅಲ್ಲ. ಕಳೆದ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳಿ, ಸ್ಲೈಡಿನ ಅಂಕಿಯ ಪಕ್ಕ ಇಟ್ಟು ನೋಡಿ. ಕೇಳಿದ್ದಕ್ಕೆ ಬೇಸರಪಟ್ಟುಕೊಂಡರೆ ಆ ಬೇಸರವೂ ಒಂದು ಮಾಹಿತಿಯೇ.

ಆಮೇಲೆ ಬಿಟ್ಟುಹೋಗುವ ಗ್ರಾಹಕರು. ತಿಂಗಳಿಗೆ 5 ಶೇಕಡಾ ಬಿಡುತ್ತಾರೆ ಎಂದಾಗ ಸಣ್ಣದು ಅನ್ನಿಸುತ್ತದೆ. ನೂರು ಜನರಲ್ಲಿ ವರ್ಷದ ಕೊನೆಗೆ ಉಳಿಯುವವರು 54. ಒಟ್ಟು ಗ್ರಾಹಕರ ಗೆರೆ ಜಾಹೀರಾತಿನ ಹಣದಿಂದ ಏರುತ್ತಲೇ ಇರುವಾಗ ಈ ಸೋರಿಕೆ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ತಿಂಗಳುವಾರು ತಂಡ ಮಾಡಿ ಕೇಳಿ: ಜನವರಿಯಲ್ಲಿ ಸೇರಿದವರಲ್ಲಿ ಏಪ್ರಿಲ್‌ಗೆ ಎಷ್ಟು ಜನ ಉಳಿದರು, ಜುಲೈಗೆ ಎಷ್ಟು? ಉಳಿದವರ ಸಂಖ್ಯೆ ಒಂದು ಮಟ್ಟಕ್ಕೆ ಬಂದು ನಿಂತರೆ ಸರಕಿನಲ್ಲಿ ಏನೋ ಗಟ್ಟಿ ಇದೆ. ಸೊನ್ನೆಯ ಕಡೆಗೇ ಜಾರುತ್ತಿದ್ದರೆ ಎಷ್ಟು ಹಣ ಸುರಿದರೂ ತೂತು ಬಿಂದಿಗೆ.

ಇದರ ಜೊತೆಗೇ ಒಬ್ಬ ಗ್ರಾಹಕನ ಲೆಕ್ಕ. ಅವನನ್ನು ತರಲು ತಗಲುವ ಖರ್ಚು 3,000, ಅವನು ತಿಂಗಳಿಗೆ ಕೊಡುವುದು 500, ಸೇವೆಯ ನೇರ ಖರ್ಚು ಕಳೆದು ಉಳಿಯುವುದು 60 ಶೇಕಡಾ ಅಂದರೆ 300. ತಂದ ಖರ್ಚು ಹುಟ್ಟಲು 10 ತಿಂಗಳು ಬೇಕು. ತಿಂಗಳಿಗೆ 5 ಶೇಕಡಾ ಬಿಡುವಲ್ಲಿ ಗ್ರಾಹಕನ ಸರಾಸರಿ ಆಯಸ್ಸು 20 ತಿಂಗಳು, ಲಾಭವಿದೆ. 12.5 ಶೇಕಡಾ ಬಿಡುವಲ್ಲಿ 8 ತಿಂಗಳು, ಒಬ್ಬೊಬ್ಬ ಹೊಸ ಗ್ರಾಹಕನೂ ನಷ್ಟವೇ. ಹೊಸಬರು ಕೇಳಿಸಿಕೊಳ್ಳುವ ‘ಬೆಳೆದಂತೆ ಎಲ್ಲ ಸರಿಹೋಗುತ್ತದೆ’ ಎಂಬ ಮಾತು ಇಲ್ಲಿ ಸುಳ್ಳಾಗುತ್ತದೆ. ಬೆಳೆದಷ್ಟೂ ನಷ್ಟ ಬೆಳೆಯುತ್ತದೆ.

ಬ್ಯಾಂಕಿನಲ್ಲಿ 60 ಲಕ್ಷ ಇದ್ದು, ತಿಂಗಳಿಗೆ 8 ಲಕ್ಷ ಹೋಗಿ 3 ಲಕ್ಷ ಬರುತ್ತಿದ್ದರೆ ಕರಗುವುದು 5 ಲಕ್ಷ, ಕಂಪನಿಯ ಉಸಿರು 12 ತಿಂಗಳು. ಮುಂದಿನ ಸುತ್ತಿನ ಹಣ ಎತ್ತಲು ಆರು ತಿಂಗಳು ಹಿಡಿಯುವುದು ಮಾಮೂಲು. ಹಾಗಾದರೆ ಏನಾದರೂ ಸಾಧಿಸಿ ತೋರಿಸಲು ಅವರಿಗೆ ನಿಜವಾಗಿ ಉಳಿದಿರುವುದು ಆರೇ ತಿಂಗಳು. ಆ ಆರು ತಿಂಗಳಲ್ಲಿ ಏನು ಮಾಡುತ್ತೀರಿ ಎಂದು ಕೇಳಿದಾಗ ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಉತ್ತರ ಬಂದರೆ ಎದ್ದು ಬನ್ನಿ.

ಷೇರುಗಳು ಯಾರ್‍ಯಾರ ಹೆಸರಲ್ಲಿ ಎಷ್ಟೆಷ್ಟಿವೆ ಎಂಬ ಕ್ಯಾಪ್ ಟೇಬಲ್ ನೋಡದೆ ಸಹಿ ಮಾಡಬಾರದು. ಮೊದಲ ವರ್ಷದಲ್ಲೇ ಬಿಟ್ಟುಹೋದ ಸಹಸಂಸ್ಥಾಪಕರ ಬಳಿ 30 ಶೇಕಡಾ ಕುಳಿತಿದ್ದರೆ ಮುಂದೆ ಬರುವ ಹೂಡಿಕೆದಾರರು ಹಿಂಜರಿಯುತ್ತಾರೆ, ದುಡಿಯುವವರ ಪಾಲು ತೀರ ಸಣ್ಣದಾಗಿರುತ್ತದೆ. ಸಂಸ್ಥಾಪಕರ ಷೇರುಗಳೂ ವರ್ಷಗಳ ದುಡಿಮೆಗೆ ತಕ್ಕಂತೆ ಕಂತುಕಂತಾಗಿ ಅವರದಾಗುವ ಒಪ್ಪಂದ ಇರಬೇಕು. ಹೊರಗಿನವರಿಂದ ಬರೆಸಿದ ಕೋಡ್, ವಿನ್ಯಾಸ ಎಲ್ಲದರ ಹಕ್ಕು ಕಂಪನಿಗೆ ಬರಹದಲ್ಲಿ ವರ್ಗವಾಗಿರಬೇಕು. ಇದು ಬಿಟ್ಟುಹೋಗಿರುವುದು ಬಹಳ ಸಲ ಗೊತ್ತಾಗುವುದು ಕಂಪನಿ ಮಾರುವ ಹೊತ್ತಿಗೆ, ವ್ಯವಹಾರ ಮುರಿದುಬಿದ್ದ ಮೇಲೆ.

ಕೊನೆಗೆ ಐವರು ಗ್ರಾಹಕರ ಜೊತೆ ನೀವೇ ಮಾತಾಡಿ. ಹೆಸರುಗಳನ್ನು ಪಟ್ಟಿಯಿಂದ ನೀವು ಆರಿಸಬೇಕು, ಸಂಸ್ಥಾಪಕರಲ್ಲ. ಐವರಲ್ಲಿ ಇಬ್ಬರು ಬಿಟ್ಟುಹೋದವರಾಗಿರಲಿ. ‘ಇದು ನಾಳೆ ನಿಂತುಹೋದರೆ ಏನು ಮಾಡುತ್ತೀರಿ?’ ಎಂದು ಕೇಳಿ. ‘ಅಯ್ಯೋ, ಕಷ್ಟವಾಗುತ್ತದೆ’ ಎನ್ನುವವರಿಗೂ ‘ಬೇರೆ ಏನಾದರೂ ನೋಡಿಕೊಳ್ಳುತ್ತೇವೆ’ ಎನ್ನುವವರಿಗೂ ಇರುವ ಅಂತರ ಯಾವ ಸ್ಲೈಡಿನಲ್ಲೂ ಸಿಗದು.

ಪ್ರಶ್ನೆ: ಈಗ ಷೇರು ಕೊಡುವುದಿಲ್ಲ, ಮುಂದಿನ ಸುತ್ತಿನಲ್ಲಿ ಷೇರಾಗಿ ಬದಲಾಗುವ ‘ಸೇಫ್’ ಕೊಡುತ್ತೇವೆ, ಕ್ಯಾಪ್ 8 ಕೋಟಿ, ಡಿಸ್ಕೌಂಟ್ 20 ಶೇಕಡಾ ಎನ್ನುತ್ತಾರೆ. ಏನರ್ಥ?

ಇಂದು ಬೆಲೆ ಕಟ್ಟುವ ಜಗಳ ಬೇಡ, ಮುಂದಿನ ಸುತ್ತಿನಲ್ಲಿ ದೊಡ್ಡ ಹೂಡಿಕೆದಾರರು ಬೆಲೆ ಕಟ್ಟಿದಾಗ ನಿಮಗೆ ರಿಯಾಯಿತಿಯಲ್ಲಿ ಷೇರು ಕೊಡುತ್ತೇವೆ ಎಂದರ್ಥ. ಈ ಒಪ್ಪಂದಪತ್ರವನ್ನು ಅಮೆರಿಕದ ಸ್ಟಾರ್ಟಪ್ ಪೋಷಕ ಸಂಸ್ಥೆ ವೈ ಕಾಂಬಿನೇಟರ್ 2013ರಲ್ಲಿ ಬಳಕೆಗೆ ತಂದಿತು. ಇದು ಸಾಲವಲ್ಲ, ಬಡ್ಡಿ ಇಲ್ಲ, ವಾಯಿದೆಯೂ ಇಲ್ಲ. ಮುಂದಿನ ಸುತ್ತು ಬಾರದೇ ಹೋದರೆ ಷೇರೂ ಇಲ್ಲದೆ, ಸಾಲವೂ ಅಲ್ಲದೆ ವರ್ಷಗಟ್ಟಲೆ ಹಾಗೇ ನಿಲ್ಲಬಹುದು.

ಡಿಸ್ಕೌಂಟ್ ಎಂದರೆ ಮುಂದಿನ ಸುತ್ತಿನ ಬೆಲೆಯ ಮೇಲಿನ ರಿಯಾಯಿತಿ, ಕ್ಯಾಪ್ ಎಂದರೆ ನಿಮ್ಮ ಲೆಕ್ಕಕ್ಕೆ ಹಿಡಿಯುವ ಕಂಪನಿ ಬೆಲೆಯ ಗರಿಷ್ಠ ಮಿತಿ. ಎರಡೂ ಇದ್ದಾಗ ನಿಮಗೆ ಅನುಕೂಲವಾದದ್ದು ಅನ್ವಯವಾಗುವಂತೆ ಬರೆದಿರುವುದು ವಾಡಿಕೆ. ಮುಂದಿನ ಸುತ್ತಿನ ಬೆಲೆ 12 ಕೋಟಿ ಎಂದಾದರೆ 20 ಶೇಕಡಾ ಕಳೆದು 9.6 ಕೋಟಿ, ಕ್ಯಾಪ್ 8 ಕೋಟಿ. ಕಡಿಮೆಯಾದ 8 ಕೋಟಿಯ ಲೆಕ್ಕದಲ್ಲಿ ಷೇರು ಸಿಗುತ್ತದೆ. ಬೆಲೆ 6 ಕೋಟಿಗೇ ನಿಂತರೆ ಕ್ಯಾಪ್ ಲೆಕ್ಕಕ್ಕಿಲ್ಲ, ಡಿಸ್ಕೌಂಟಿನಿಂದ 4.8 ಕೋಟಿಯ ಲೆಕ್ಕ.

ಕ್ಯಾಪ್ ‘ಪ್ರೀ–ಮನಿ’ಯೋ ‘ಪೋಸ್ಟ್–ಮನಿ’ಯೋ ಎಂದು ಕೇಳುವುದು ಮರೆಯಬೇಡಿ: ಸೇಫ್‌ಗಳ ಹಣ ಸೇರಿಸದ ಬೆಲೆ ಮೊದಲನೆಯದು, ಸೇರಿಸಿದ್ದು ಎರಡನೆಯದು. 2018ರ ಹೊಸ ನಮೂನೆ ಪೋಸ್ಟ್–ಮನಿಯದ್ದು. ಅದರಲ್ಲಿ 8 ಕೋಟಿ ಕ್ಯಾಪಿಗೆ 10 ಲಕ್ಷ ಹಾಕಿದರೆ ಮುಂದಿನ ಸುತ್ತಿನ ಹಣ ಬರುವ ಮುನ್ನ ನಿಮ್ಮ ಪಾಲು 1.25 ಶೇಕಡಾ, ಬೇರೆ ಎಷ್ಟು ಜನರ ಬಳಿ ಸೇಫ್ ಇದ್ದರೂ. ಹಳೆಯ ನಮೂನೆಯಲ್ಲಿ ಇತರರ ಸೇಫ್‌ಗಳೆಲ್ಲ ಸೇರಿ ನಿಮ್ಮ ಪಾಲನ್ನು ತೆಳುಮಾಡುತ್ತವೆ. ಮುಂದಿನ ಸುತ್ತಿನಲ್ಲಿ ನಿಮ್ಮ ಪಾಲಿಗೆ ತಕ್ಕಷ್ಟು ಹಣ ಹಾಕುವ ಪ್ರೊ–ರಾಟಾ ಹಕ್ಕನ್ನು ಬೇರೆಯಾಗಿ ಕೇಳಿ ಬರೆಸಿಕೊಳ್ಳಬೇಕಾಗುತ್ತದೆ.

ಪ್ರಶ್ನೆ: 10 ಕೋಟಿ ಬೆಲೆಯಲ್ಲಿ ಹೂಡಿದ ಕಂಪನಿ 100 ಕೋಟಿಗೆ ಮಾರಾಟವಾಯಿತು. ಹತ್ತು ಪಟ್ಟು ಬರಲಿಲ್ಲ. ಮೋಸವಾಯಿತೇ?

ಬಹುಶಃ ಇಲ್ಲ. 20 ಲಕ್ಷ ಹಾಕಿ 2 ಶೇಕಡಾ ಪಡೆದಿದ್ದೀರಿ ಎಂದುಕೊಳ್ಳೋಣ. ನಂತರದ ಮೂರು ಸುತ್ತುಗಳಲ್ಲಿ ಹೊಸಬರಿಗೆ 20, 20, 15 ಶೇಕಡಾ ಕೊಟ್ಟರೆ ನಿಮ್ಮ 2 ಶೇಕಡಾ 1.09ಕ್ಕೆ ಇಳಿಯುತ್ತದೆ. 100 ಕೋಟಿಯಲ್ಲಿ ಅದು ಸುಮಾರು 1.09 ಕೋಟಿ, ಅಂದರೆ ಐದೂವರೆ ಪಟ್ಟಿಗೂ ಸ್ವಲ್ಪ ಕಡಿಮೆ. ಕಾಲವನ್ನೂ ಸೇರಿಸಿ ನೋಡಿ: ಇದು 8 ವರ್ಷದಲ್ಲಿ ಬಂದರೆ ವರ್ಷಕ್ಕೆ ಸುಮಾರು 23.6 ಶೇಕಡಾ, 12 ವರ್ಷ ಹಿಡಿದರೆ 15ರ ಆಸುಪಾಸು. ಹೂಡುವ ದಿನವೇ ಈ ಸವೆತವನ್ನು ಕಳೆದು ಲೆಕ್ಕ ಹಾಕುವ ಅಭ್ಯಾಸ ಮಾಡಿಕೊಳ್ಳಿ. ಹತ್ತು ಪಟ್ಟು ಬೇಕಿದ್ದರೆ ಕಂಪನಿ 180 ಕೋಟಿ ದಾಟಬೇಕು.

ಪ್ರಶ್ನೆ: ಇದು ನನ್ನ ಮೊದಲ ಕೆಲಸ. ಒಂದು ಸ್ಟಾರ್ಟಪ್ ಸಂಬಳ ಕಡಿಮೆ ಕೊಟ್ಟು 20,000 ಆಪ್ಷನ್ ಕೊಡುತ್ತೇನೆ ಎನ್ನುತ್ತಿದೆ. ಆಫರ್ ಪತ್ರದಲ್ಲಿ ಅದರ ಬೆಲೆ 8 ಲಕ್ಷ ಎಂದಿದೆ. ನಂಬಬಹುದೇ?

ಆಪ್ಷನ್ ಎಂದರೆ ಮುಂದೆ ನಿಗದಿತ ಬೆಲೆಗೆ ಕಂಪನಿಯ ಷೇರು ಕೊಳ್ಳುವ ಹಕ್ಕು. 20,000 ಎಂಬ ಸಂಖ್ಯೆ ಒಂಟಿಯಾಗಿ ಏನನ್ನೂ ಹೇಳುವುದಿಲ್ಲ. ಎಷ್ಟರಲ್ಲಿ 20,000? ಹಂಚದೆ ಇಟ್ಟಿರುವ ಆಪ್ಷನ್‌ಗಳನ್ನೂ ಸೇರಿಸಿ ಒಟ್ಟು ಷೇರು ಎಷ್ಟು ಎಂದು ಕೇಳಿ. 1 ಕೋಟಿ ಎಂದಾದರೆ ನಿಮ್ಮದು 0.2 ಶೇಕಡಾ. ನೀವು ಷೇರು ಕೊಳ್ಳಬೇಕಾದ ಬೆಲೆ 10, ಕೊನೆಯ ಹೂಡಿಕೆದಾರರು ಕೊಟ್ಟ ಬೆಲೆ 50 ಇರಬೇಕು. ವ್ಯತ್ಯಾಸ 40ನ್ನು 20,000ದಿಂದ ಗುಣಿಸಿ 8 ಲಕ್ಷ ಎಂದಿದ್ದಾರೆ.

ಈ ಲೆಕ್ಕದ ತಪ್ಪು ಎಲ್ಲಿದೆ ಎಂದರೆ, ಅವರು 50 ಕೊಟ್ಟು ಕೊಂಡದ್ದು ಆದ್ಯತಾ ಷೇರು, ನಿಮಗೆ ಬರುವುದು ಮಾಮೂಲಿ ಷೇರು. ಕಂಪನಿ 20 ಕೋಟಿ ಎತ್ತಿದೆ, ಅದಕ್ಕೆ 40 ಶೇಕಡಾ ಕೊಟ್ಟಿದೆ ಎನ್ನೋಣ. ಮಾರಾಟವಾದಾಗ ಹಾಕಿದ ಹಣವನ್ನು ಮೊದಲು ವಾಪಸ್ ಪಡೆಯುವ, ಇಲ್ಲವೇ ಬೇಡವೆಂದು ತಮ್ಮ ಶೇಕಡಾವಾರು ಪಾಲು ತೆಗೆದುಕೊಳ್ಳುವ ಹಕ್ಕು ಆದ್ಯತಾ ಷೇರಿನವರಿಗೆ ಇರುತ್ತದೆ. ಕಂಪನಿ 30 ಕೋಟಿಗೆ ಮಾರಾಟವಾಯಿತು. ಅವರ 40 ಶೇಕಡಾ ಎಂದರೆ 12 ಕೋಟಿ, ಹಾಕಿದ್ದು 20 ಕೋಟಿ. ಅವರು 20 ಕೋಟಿ ಎತ್ತಿಕೊಳ್ಳುತ್ತಾರೆ. ಉಳಿದ 10 ಕೋಟಿ 60 ಲಕ್ಷ ಮಾಮೂಲಿ ಷೇರುಗಳಿಗೆ ಹಂಚಿದರೆ ಷೇರಿಗೆ ಸುಮಾರು 16.67. ನೀವು ಕೊಟ್ಟ 10 ಕಳೆದರೆ 6.67. ಕೈಗೆ ಬರುವುದು 1.33 ಲಕ್ಷ, ತೆರಿಗೆಗೆ ಮುನ್ನ. 20 ಕೋಟಿಗೆ ಮಾರಾಟವಾದರೆ ಸೊನ್ನೆ. ಸರಳಗೊಳಿಸಿದ ಲೆಕ್ಕ ಇದು, ಆದರೆ ದಿಕ್ಕು ಇದೇ.

ಇನ್ನು ಕಾಲದ ಷರತ್ತು. ನಾಲ್ಕು ವರ್ಷದ ವೆಸ್ಟಿಂಗ್ (ಆಪ್ಷನ್ ಕಂತುಕಂತಾಗಿ ನಿಮ್ಮದಾಗುವುದು), ಒಂದು ವರ್ಷದ ಕ್ಲಿಫ್ (ಅದು ಮುಗಿಯುವ ತನಕ ಏನೂ ಸಿಗದ ಅವಧಿ) ಎಂಬುದು ಬಹಳ ಕಡೆ ಇರುವ ಕ್ರಮ. ಹನ್ನೊಂದನೇ ತಿಂಗಳಲ್ಲಿ ಬಿಟ್ಟರೆ ಒಂದು ಆಪ್ಷನ್ನೂ ಇಲ್ಲ. ಹನ್ನೆರಡು ತುಂಬಿದ ದಿನ ಕಾಲು ಭಾಗ, ಅಂದರೆ 5,000, ಆಮೇಲೆ ತಿಂಗಳಿಗೆ ಸುಮಾರು 417. ಬಿಟ್ಟ ಮೇಲೆ ಎಷ್ಟು ದಿನದೊಳಗೆ ಷೇರು ಕೊಂಡುಕೊಳ್ಳಬೇಕು ಎಂಬ ಸಾಲನ್ನು ಹುಡುಕಿ ಓದಿ. ಅನೇಕ ಯೋಜನೆಗಳಲ್ಲಿ ಅದು 90 ದಿನ. ನಾಲ್ಕು ವರ್ಷ ದುಡಿದು ಬಿಟ್ಟವರು ಆ 90 ದಿನದಲ್ಲಿ 2 ಲಕ್ಷ ಹೊಂದಿಸಿ, ಮಾರಲಾಗದ ಷೇರು ಕೊಳ್ಳಬೇಕು. ಕೆಲವು ದೇಶಗಳಲ್ಲಿ ಕೊಂಡ ದಿನವೇ ತೆರಿಗೆಯೂ ಬೀಳುತ್ತದೆ. ಹೊಂದಿಸಲಾಗದೆ ಎಲ್ಲವನ್ನೂ ಬಿಟ್ಟುಕೊಟ್ಟು ಬರುವವರನ್ನು ಕಂಡಾಗ ನಮಗೆ ನಿಜಕ್ಕೂ ಸಂಕಟವಾಗುತ್ತದೆ. ಸೇರುವಾಗಲೇ ಈ ಅವಧಿಯನ್ನು ಕೆಲವು ವರ್ಷಗಳಿಗೆ ವಿಸ್ತರಿಸಿ ಎಂದು ಕೇಳಬಹುದು. ಸಂಬಳ ಏರಿಸಲು ಒಪ್ಪದ ಕಂಪನಿ ಇದಕ್ಕೆ ಒಪ್ಪುವುದುಂಟು, ಏಕೆಂದರೆ ಅವರಿಗೆ ಇಂದು ಖರ್ಚಿಲ್ಲ.

ತೀರ್ಮಾನ ಮಾಡುವಾಗ ಆಪ್ಷನ್‌ನ ಬೆಲೆಯನ್ನು ಸೊನ್ನೆ ಎಂದು ಹಿಡಿಯಿರಿ. ಆ ಸಂಬಳದಲ್ಲಿ ಬದುಕು ಸಾಗುತ್ತದೆಯೇ, ಕೆಲಸದಿಂದ ಕಲಿಯುವುದು ಇದೆಯೇ, ಮೇಲೆ ಹೇಳಿದ ಉಸಿರಿನ ಲೆಕ್ಕದಲ್ಲಿ ಕಂಪನಿಗೆ ಕನಿಷ್ಠ 12 ತಿಂಗಳು ಇದೆಯೇ? ಮೂರಕ್ಕೂ ಹೌದು ಎಂದಾದರೆ ಸೇರಿ. ಉಸಿರಿನ ಪ್ರಶ್ನೆಯನ್ನು ಸಂದರ್ಶನದಲ್ಲಿ ಕೇಳಲು ಸಂಕೋಚ ಬೇಡ: ‘ಈಗಿನ ಖರ್ಚಿನಲ್ಲಿ ಕಂಪನಿಯ ಹಣ ಎಷ್ಟು ತಿಂಗಳಿಗೆ ಸಾಕಾಗುತ್ತದೆ ಸರ್?’ ಎಂದು ನೇರವಾಗಿ ಕೇಳಬಹುದು.

ಪ್ರಶ್ನೆ: ಎಂಟೇ ತಿಂಗಳಲ್ಲಿ ನನ್ನನ್ನು ‘ಹೆಡ್’ ಮಾಡಿದ್ದಾರೆ. ತಂಡದಲ್ಲಿ ನಾನೊಬ್ಬಳೇ. ಇದು ಬೆಳವಣಿಗೆಯೇ?

ಹುದ್ದೆಯ ಹೆಸರು ಕಂಪನಿಗೆ ಖರ್ಚಿಲ್ಲದೆ ಕೊಡಬಹುದಾದ ವಸ್ತು. ಬೆಳವಣಿಗೆ ಅಳೆಯಲು ಬೇರೆ ಪ್ರಶ್ನೆಗಳಿವೆ. ಆರು ತಿಂಗಳ ಹಿಂದೆ ಕೇಳಿ ಮಾಡುತ್ತಿದ್ದ ಯಾವ ನಿರ್ಧಾರವನ್ನು ಈಗ ನೀವೇ ಮಾಡುತ್ತೀರಿ? ಎಷ್ಟು ಹಣದ ಹೊಣೆ ನಿಮ್ಮ ಮೇಲಿದೆ? ನಿಮ್ಮ ಕೆಲಸವನ್ನು ತಿದ್ದಬಲ್ಲ, ನಿಮಗಿಂತ ಹೆಚ್ಚು ಗೊತ್ತಿರುವ ಒಬ್ಬರಾದರೂ ಇದ್ದಾರೆಯೇ? ಮೂರನೆಯದಕ್ಕೆ ಉತ್ತರ ಇಲ್ಲ ಎಂದಾದರೆ ಎಚ್ಚರ. ತಿದ್ದುವವರಿಲ್ಲದ ಮೊದಲ ಎರಡು ವರ್ಷಗಳಲ್ಲಿ ತಪ್ಪು ಅಭ್ಯಾಸಗಳೇ ಅನುಭವವಾಗಿ ಗಟ್ಟಿಯಾಗುತ್ತವೆ. ಕಂಪನಿಯ ಹೂಡಿಕೆದಾರರ ಪರಿಚಯದಲ್ಲಿ ನಿಮ್ಮ ಕ್ಷೇತ್ರದ ಹಿರಿಯರು ಇದ್ದೇ ಇರುತ್ತಾರೆ. ತಿಂಗಳಿಗೆ ಒಂದು ಗಂಟೆ ಅವರೊಡನೆ ಮಾತಾಡಿಸಿಕೊಡಿ ಎಂದು ಸಂಸ್ಥಾಪಕರನ್ನು ಕೇಳಿ.

ಶುಕ್ರವಾರ ಹದಿನೈದು ನಿಮಿಷ ತೆಗೆದಿಟ್ಟು ಮೂರು ಸಾಲು ಬರೆಯಿರಿ: ಏನು ಮಾಡಿದೆ, ಯಾವ ಅಂಕಿ ಎಷ್ಟರಿಂದ ಎಷ್ಟಾಯಿತು, ಯಾವ ಊಹೆ ತಪ್ಪಾಯಿತು. ‘ಗ್ರಾಹಕರ ದೂರುಗಳನ್ನು ನೋಡಿಕೊಂಡೆ’ ಎಂದಲ್ಲ. ‘ಮೊದಲ ಉತ್ತರಕ್ಕೆ 9 ಗಂಟೆ ಹಿಡಿಯುತ್ತಿತ್ತು, ಈಗ 2 ಗಂಟೆ’ ಎಂದು. ಸಂಬಳದ ಮಾತಿಗೆ ಕೂತಾಗ ನೆನಪಿಗೆ ಬರುವುದು ಕೊನೆಯ ಆರು ವಾರ ಮಾತ್ರ, ಬರೆದಿಟ್ಟದ್ದು ಇಡೀ ವರ್ಷ. ಆ ಮಾತನ್ನು ಹೊಸ ಹಣ ಬಂದ ಮೇಲಿನ ವಾರಗಳಲ್ಲಿ, ಖರ್ಚಿನ ಯೋಜನೆ ಇನ್ನೂ ಗಟ್ಟಿಯಾಗುವ ಮುನ್ನ ಎತ್ತಿ.

ಪ್ರಶ್ನೆ: ವೆಂಚರ್ ಫಂಡ್‌ನಲ್ಲಿ (ಇತರರ ಹಣ ಒಟ್ಟುಗೂಡಿಸಿ ಸ್ಟಾರ್ಟಪ್‌ಗಳಲ್ಲಿ ಹೂಡುವ ಸಂಸ್ಥೆಯಲ್ಲಿ) ಅನಲಿಸ್ಟ್ ಆಗಬೇಕು. ಹಣವಿಲ್ಲ, ಪರಿಚಯವೂ ಇಲ್ಲ.

ಹಣವಿಲ್ಲದೆಯೂ ಹೂಡಿಕೆಯ ತೀರ್ಮಾನಗಳನ್ನು ಅಭ್ಯಾಸ ಮಾಡಬಹುದು. ತಿಂಗಳಿಗೆ ಎರಡು ಕಂಪನಿ ಆರಿಸಿ ತಲಾ ಎರಡು ಪುಟ ಬರೆಯಿರಿ: ಯಾರ ಯಾವ ತೊಂದರೆ, ಈಗ ಅದಕ್ಕೆ ಏನು ಮಾಡುತ್ತಾರೆ, ಒಬ್ಬ ಗ್ರಾಹಕನ ಲೆಕ್ಕ, ಸೋಲುವುದಾದರೆ ಯಾವುದರಿಂದ. ಕೊನೆಗೆ ಹೂಡುತ್ತೇನೆ ಅಥವಾ ಇಲ್ಲ ಎಂದು ದಿನಾಂಕ ಹಾಕಿ ಬರೆಯಿರಿ. ಆರು ತಿಂಗಳ ಬಳಿಕ ತೆಗೆದು ನೋಡಿ, ಮೂಲ ಬರಹವನ್ನು ತಿದ್ದದೆ ಕೆಳಗೆ ಟಿಪ್ಪಣಿ ಸೇರಿಸಿ. ಹನ್ನೆರಡು ಬರಹ, ಅದರಲ್ಲಿ ತಪ್ಪಾದ ಐದಕ್ಕೆ ಪ್ರಾಮಾಣಿಕ ಕಾರಣ: ಇಷ್ಟಿದ್ದರೆ ಬಯೋಡೇಟಾಕ್ಕಿಂತ ಬಲವಾದ ಅರ್ಜಿ. ಅದರ ಜೊತೆಗೆ ಒಂದು ಸ್ಟಾರ್ಟಪ್‌ನಲ್ಲಿ ಮಾರಾಟ ಅಥವಾ ಉತ್ಪನ್ನದ ಕೆಲಸವನ್ನು ಎರಡು ವರ್ಷ ಮಾಡಿದವರು ಗ್ರಾಹಕರ ಮಾತನ್ನು ಬೇರೆ ರೀತಿಯಲ್ಲಿ ಕೇಳಿಸಿಕೊಳ್ಳುತ್ತಾರೆ. ಸಾಧ್ಯವಾದರೆ ಆ ದಾರಿಯಲ್ಲೇ ಬನ್ನಿ.

ಪ್ರಶ್ನೆ: ಹೂಡಿದ ಕಂಪನಿ ಮುಚ್ಚುತ್ತಿದೆ ಎಂದು ಇಮೇಲ್ ಬಂದಿದೆ. ಈಗೇನು ಮಾಡಲಿ?

ಮೂರು ಕಾಗದ ಕೇಳಿ: ಬ್ಯಾಂಕಿನಲ್ಲಿ ಉಳಿದ ಹಣ ಮತ್ತು ಬಾಕಿಗಳ ಪಟ್ಟಿ, ಕೋಡ್ ಮತ್ತು ಬ್ರಾಂಡ್ ಹೆಸರು ಮಾರಾಟವಾಗುತ್ತಿದ್ದರೆ ಕೊಳ್ಳುತ್ತಿರುವವರು ಯಾರು ಎಂಬ ವಿವರ, ಕಂಪನಿ ವಿಸರ್ಜನೆಯಾದ ಅಧಿಕೃತ ದಾಖಲೆ. ಎರಡನೆಯದನ್ನು ಗಮನವಿಟ್ಟು ಓದಿ. ಸಂಸ್ಥಾಪಕರದ್ದೇ ಹೊಸ ಕಂಪನಿ ಅಗ್ಗಕ್ಕೆ ಕೊಳ್ಳುತ್ತಿದ್ದರೆ ಬೆಲೆ ಹೇಗೆ ಕಟ್ಟಿದಿರಿ ಎಂದು ಬರಹದಲ್ಲಿ ಕೇಳುವುದು ನಿಮ್ಮ ಹಕ್ಕು. ಹಣ ಹಂಚುವಾಗ ಸಂಬಳ, ತೆರಿಗೆ, ಸಾಲ ಕೊಟ್ಟವರ ಬಾಕಿ ಎಲ್ಲ ತೀರಿದ ಮೇಲೆ ಆದ್ಯತಾ ಷೇರು, ಅದರ ನಂತರ ಮಾಮೂಲಿ ಷೇರು. ಹಾಗಾಗಿ ಏನೂ ಬಾರದಿರುವುದೇ ಹೆಚ್ಚು. ಮೂರನೆಯ ಕಾಗದವನ್ನು ಜೋಪಾನ ಮಾಡಿ. ನಷ್ಟವನ್ನು ತೆರಿಗೆ ಲೆಕ್ಕದಲ್ಲಿ ತೋರಿಸಲು ಬಿಡುವ ದೇಶಗಳಲ್ಲಿ ಅದಿಲ್ಲದೆ ಕೆಲಸವಾಗದು. ಕಂಪನಿ ಮುಚ್ಚಿ ವರ್ಷವಾದ ಮೇಲೆ ಅದನ್ನು ಕೊಡುವವರು ಯಾರೂ ಅಲ್ಲಿರುವುದಿಲ್ಲ.